ಐವತ್ತು ದಾಟಿದ ಮೇಲೂ ಮಳೆಗಾಲದಲ್ಲಿ ಸೈಕಲ್ ಮೇಲೆ ಕೆಲಸಕ್ಕೆ: ಬೆಳಗಾವಿಯವರು ಏನನ್ನುತ್ತೀರಿ?

ವಡಗಾವಿ ಸವಾರ

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 54. ಮನೆ ವಡಗಾವಿಯಲ್ಲಿ, ಕೆಲಸ ಉದ್ಯಮಬಾಗದ ಒಂದು ಮಶೀನ್ ಶಾಪ್‌ನಲ್ಲಿ, ಲೇಥ್ ಮೇಲೆ. ಅನಗೋಳದ ಒಳಗಿನಿಂದ ಹೋದರೆ ನಾಲ್ಕೈದು ಕಿಲೋಮೀಟರ್ ದಾರಿ. ಮೊದಲ ಪಾಳಿ ಬೆಳಿಗ್ಗೆ ಏಳಕ್ಕೆ. ಕೆಲಸಕ್ಕೆ ಸೇರಿದ ಹರೆಯದಿಂದ ಇವತ್ತಿನವರೆಗೆ ಸೈಕಲ್ ಮೇಲೆಯೇ ಹೋಗಿ ಬರುತ್ತಿದ್ದೇನೆ.

ಈ ವರ್ಷ ಮನೆಯಲ್ಲಿ ಮಾತು ಬೇರೆಯಾಗಿದೆ. ಮಗ ಸ್ಕೂಟರ್ ಕೊಡಿಸಲು ಮುಂದಾಗಿದ್ದಾನೆ. ಮೃಗಶಿರ ಮಳೆ ಹಿಡಿಯುವುದರೊಳಗೆ ಸೈಕಲ್ ಬಿಟ್ಟುಬಿಡಿ ಎಂದು ಮನೆಯವರು ಹಟ ಹಿಡಿದಿದ್ದಾರೆ. ಇಬ್ಬರೂ ಅಕ್ಕರೆಯಿಂದಲೇ ಹೇಳುತ್ತಿದ್ದಾರೆ. ನನಗೆ ಮಾತ್ರ ಬಿಡಲು ಮನಸ್ಸಿಲ್ಲ. ಬೆಳಿಗ್ಗೆ ಆ ಇಪ್ಪತ್ತು ನಿಮಿಷ ಯಾರೂ ನನ್ನನ್ನು ಏನೂ ಕೇಳುವುದಿಲ್ಲ, ನಾನು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಕಾರ್ಖಾನೆ ಮುಟ್ಟುವಷ್ಟರಲ್ಲಿ ಕೈಕಾಲು ಸಡಿಲಗೊಂಡು ಕೆಲಸಕ್ಕೆ ಸಿದ್ಧವಾಗಿರುತ್ತವೆ.

ಅರವತ್ತು ದಾಟಿದವರು, ಈಗಷ್ಟೇ ನೌಕರಿಗೆ ಸೇರಿದವರು, ಹೆಣ್ಣುಮಕ್ಕಳು, ಎಲ್ಲರ ಅನುಭವವೂ ಬೇಕು. ನಮ್ಮ ಊರಿನ ಮಳೆಗಾಳಿಯಲ್ಲಿ ಹೇಗೆ ಸಂಭಾಳಿಸುತ್ತೀರಿ? ಬಿಟ್ಟವರಿದ್ದರೆ ಏಕೆ ಬಿಟ್ಟಿರಿ? ಸೈಕಲ್ ಆರೋಗ್ಯಕ್ಕೆ ಒಳ್ಳೆಯದೆಂಬುದು ನನಗೂ ಗೊತ್ತು. ದಿನನಿತ್ಯದ ಮಾತು ಹೇಳಿ.

ಖಾನಾಪುರ ರಸ್ತೆಯವ

ಸರ್, ನಾನು ಮಗನ ಕಡೆಗೆ. 48ನೆಯ ವಯಸ್ಸಿನಲ್ಲಿ ಸೈಕಲ್ ಬಿಟ್ಟೆ. ಜುಲೈ ತಿಂಗಳ ಒಂದು ಮುಂಜಾನೆ, ಮೂರನೆಯ ರೈಲ್ವೆ ಗೇಟ್ ಸೇತುವೆಯ ಈಚೆ, ರಸ್ತೆಯಂಚಿನಲ್ಲಿ ನೀರು ನಿಂತಿತ್ತು. ಹಿಂದಿನಿಂದ ಲಾರಿ ಬಂದಿತೆಂದು ಎಡಕ್ಕೆ ಸರಿದೆ. ನೀರಿನ ಕೆಳಗೆ ಮೊಳದುದ್ದದ ಗುಂಡಿ. ಮುಂದಿನ ಚಕ್ರ ಅದರಲ್ಲಿ ಕೂತಿತು, ನಾನು ಕೈಯೂರಿ ಬಿದ್ದೆ. ಮಣಿಕಟ್ಟಿನ ಮೂಳೆ ಮುರಿಯಿತು. ಇಪ್ಪತ್ತರ ಹುಡುಗ ಬಿದ್ದರೆ ಕೊಡವಿಕೊಂಡು ಏಳುತ್ತಾನೆ. ನಮ್ಮ ವಯಸ್ಸಿನಲ್ಲಿ ಒಮ್ಮೆ ಬಿದ್ದರೆ ಆರು ವಾರ ಸಂಬಳವಿಲ್ಲ. ಸ್ಕೂಟರ್ ದೀಪವಾದರೂ ಹಿಂದಿನವರ ಕಣ್ಣಿಗೆ ಬೀಳುತ್ತದೆ.

ಟಿಳಕವಾಡಿ ಓದುಗ

ಗುಂಡಿಗೆ ಸ್ಕೂಟರ್ ಯಾವುದು, ಸೈಕಲ್ ಯಾವುದು ಎಂಬ ಭೇದವಿಲ್ಲವಲ್ಲ ಸರ್. ವೇಗ ಹೆಚ್ಚಿದ್ದರೆ ಪೆಟ್ಟೂ ಹೆಚ್ಚು.

ಹಳೆಯ ಹರ್ಕ್ಯುಲಿಸ್

ತಮ್ಮಾ, ನನಗೆ ಈಗ 73. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೋಲ್ಡಿಂಗ್ ಕೆಲಸ ಮಾಡಿ ನಿವೃತ್ತನಾದವನು. ಈಗಲೂ ಶಹಾಪುರದಿಂದ ಗೋವಾವೇಸ್‌ವರೆಗೆ ತರಕಾರಿಗೆ, ಬ್ಯಾಂಕಿಗೆ ಸೈಕಲ್ ಮೇಲೆಯೇ ಹೋಗುತ್ತೇನೆ. ಆದ್ದರಿಂದ ವಯಸ್ಸಿನ ಮಾತನ್ನು ನಾನು ಆಡಬಹುದು ಎಂದುಕೊಂಡಿದ್ದೇನೆ.

ನಮ್ಮ ಕಾಲದಲ್ಲಿ ಪಾಳಿ ಬಿಡುವ ಹೊತ್ತಿಗೆ ಖಾನಾಪುರ ರಸ್ತೆಯ ತುಂಬ ಸೈಕಲ್ಲುಗಳೇ. ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ ತಗಡಿನ ಬಿಲ್ಲೆ ತಂದು ಕಟ್ಟಿಕೊಳ್ಳಬೇಕಿತ್ತು. ರಾತ್ರಿ ದೀಪವಿಲ್ಲದೆ ಸಿಕ್ಕಿಬಿದ್ದರೆ ಪೊಲೀಸರು ಚಕ್ರದ ಹವಾ ಬಿಟ್ಟು ನಡೆದುಕೊಂಡು ಹೋಗು ಎನ್ನುತ್ತಿದ್ದರು. ಲಾರಿಯವನಿಗೆ ನಮ್ಮನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಗತಿಯಿರಲಿಲ್ಲ, ಅಷ್ಟು ಜನ ಇದ್ದೆವು. ಈಗ ನೀನು ಒಬ್ಬನೇ ಹೋಗುತ್ತಿರುತ್ತೀಯ. ಅಪಾಯ ಹೆಚ್ಚಿದ್ದು ಅಲ್ಲಿಂದ.

ಇನ್ನು ದೇಹದ ವಿಷಯ. ಇಪ್ಪತ್ತರಲ್ಲಿ ಎದುರು ಗಾಳಿ ಬಂದರೆ ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದೆ. ನಲವತ್ತರ ಹೊತ್ತಿಗೆ ಮುಂದೆ ಮಗಳು, ಹಿಂದೆ ಕ್ಯಾರಿಯರ್ ಮೇಲೆ ಜೋಳದ ಚೀಲ, ಎರಡನ್ನೂ ಹೊತ್ತುಕೊಂಡು ನಿಧಾನವಾಗಿ ಹೋಗುವುದನ್ನು ಕಲಿತೆ. ಐವತ್ತೈದರ ಮೇಲೆ ತುಳಿಯುವುದು ಕಷ್ಟವಾಗಲೇ ಇಲ್ಲ. ಹತ್ತುವುದು, ಇಳಿಯುವುದು ಕಷ್ಟವಾಯಿತು. ಬಲಗಾಲನ್ನು ಹಿಂದಿನಿಂದ ಎತ್ತಿ ಸೀಟಿನ ಆಚೆ ಹಾಕುವಾಗ ಸೊಂಟ ಹಿಡಿಯುತ್ತದೆ, ತೋಲ ತಪ್ಪುತ್ತದೆ. ಮೈಮೇಲೆ ರೇನ್‌ಕೋಟ್ ಇದ್ದರಂತೂ ಅದರ ಸೆರಗು ಸೀಟಿಗೆ ಸಿಕ್ಕಿಕೊಂಡು ಆಳನ್ನೇ ಎಳೆಯುತ್ತದೆ. ನಾನು ಅಡ್ಡ ಪೈಪು ಇಲ್ಲದ ಲೇಡೀಸ್ ಸೈಕಲ್ ತೆಗೆದುಕೊಂಡೆ. ಕಾಲನ್ನು ಮುಂದಿನಿಂದಲೇ ದಾಟಿಸಿದರೆ ಆಯಿತು, ನಿಲ್ಲಿಸಿದಾಗ ಎರಡೂ ಪಾದ ನೆಲಕ್ಕೆ ಹತ್ತುತ್ತವೆ. ಗಲ್ಲಿಯವರು ಒಂದು ವಾರ ನೋಡಿದರು. ಆಮೇಲೆ ನನ್ನ ವಯಸ್ಸಿನ ಇನ್ನಿಬ್ಬರು ಅಂಥದೇ ಸೈಕಲ್ ತಂದರು. ನಿನಗೂ ಇನ್ನು ಐದಾರು ವರ್ಷದಲ್ಲಿ ಅದೇ ಬೇಕಾಗುತ್ತದೆ, ಈಗಲೇ ತಂದರೆ ನಷ್ಟವಿಲ್ಲ.

ಗಾಳಿಯ ಲೆಕ್ಕ ನಿನಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಗಾಳಿ ಬೀಸುವುದು ಪಶ್ಚಿಮದಿಂದ. ವಡಗಾವಿಯಿಂದ ಉದ್ಯಮಬಾಗಕ್ಕೆ ಹೋಗುವಾಗ ಮುಖಕ್ಕೆ ಹೊಡೆಯುತ್ತದೆ, ಮರಳುವಾಗ ಬೆನ್ನಿಗಿರುತ್ತದೆ. ಆದ್ದರಿಂದ ಹತ್ತು ನಿಮಿಷ ಮೊದಲೇ ಮನೆ ಬಿಡು. ಹೊತ್ತಾಯಿತೆಂದು ಅವಸರ ಮಾಡುವವನೇ ನೀರಿನೊಳಗೆ ಚಕ್ರ ಬಿಡುತ್ತಾನೆ. ನೀರು ನಿಂತಲ್ಲಿ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಯಾವ ಅವಮಾನವೂ ಇಲ್ಲ.

ಶಹಾಪುರ ರಿಪೇರಿ

ಕಾಕಾ ಹೇಳಿದ್ದರಲ್ಲಿ ನನ್ನ ಕಸುಬಿನ ಮಾತು ಸೇರಿಸುತ್ತೇನೆ. ನಮ್ಮದು ಸೈಕಲ್ ರಿಪೇರಿ ಅಂಗಡಿ, ತಂದೆಯ ಕಾಲದಿಂದ.

ಮೊದಲು ಬ್ರೇಕ್. ಹಳೆಯ ಸೈಕಲ್ಲುಗಳ ಕಂಬಿ ಬ್ರೇಕ್, ಹೊಳೆಯುವ ಸ್ಟೀಲ್ ರಿಮ್, ಇವೆರಡೂ ಬಿಸಿಲಿಗೆ ಚೆನ್ನ. ರಿಮ್ ಒದ್ದೆಯಾದರೆ ರಬ್ಬರ್ ಜಾರುತ್ತದೆ, ಎಷ್ಟು ಒತ್ತಿದರೂ ಸೈಕಲ್ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅಲ್ಯೂಮಿನಿಯಂ ರಿಮ್ ಇದ್ದರೆ ಎಷ್ಟೋ ವಾಸಿ. ರಿಮ್ ಯಾವುದೇ ಇರಲಿ, ಮಳೆಯಲ್ಲಿ ನಿಲ್ಲಬೇಕಾದ ಜಾಗಕ್ಕಿಂತ ಬಹಳ ಮೊದಲೇ ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿಯಬೇಕು. ಚಕ್ರ ಎರಡು ಮೂರು ಸುತ್ತು ತಿರುಗುವಷ್ಟರಲ್ಲಿ ರಬ್ಬರ್ ನೀರನ್ನು ಒರೆಸಿರುತ್ತದೆ, ಆಮೇಲೆ ಹಿಡಿತ ಸಿಗುತ್ತದೆ. ಮುಂದಿನ ಬ್ರೇಕ್ ಒಂದನ್ನೇ ಜಗ್ಗಬಾರದು. ರೈಲ್ವೆ ಗೇಟಿನಲ್ಲಿ ಹಳಿಯನ್ನು ಓರೆಯಾಗಿ ದಾಟಬಾರದು. ಒದ್ದೆ ಹಳಿಯ ಮೇಲೆ ಟೈರ್ ನಿಲ್ಲುವುದಿಲ್ಲ, ಹಳಿಯ ಪಕ್ಕದ ಸಂದಿಗೆ ಸಿಕ್ಕರೆ ಹ್ಯಾಂಡಲ್ ನಿಮ್ಮ ಮಾತು ಕೇಳುವುದಿಲ್ಲ. ನೇರವಾಗಿ, ತುಳಿಯುವುದನ್ನು ನಿಲ್ಲಿಸಿ, ಹ್ಯಾಂಡಲ್ ಅಲುಗಿಸದೆ ದಾಟಿ.

ಮಡ್‌ಗಾರ್ಡ್ ವಿಷಯ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಮಳೆಯಲ್ಲಿ ಕಾಲು ಒದ್ದೆಯಾಗುವುದು ಮೇಲಿನ ನೀರಿನಿಂದ ಅರ್ಧ, ಮುಂದಿನ ಚಕ್ರ ಎತ್ತಿ ಹೊಡೆಯುವ ನೀರಿನಿಂದ ಇನ್ನರ್ಧ. ಮುಂದಿನ ಮಡ್‌ಗಾರ್ಡಿನ ತುದಿಗೆ ಒಂದು ಗೇಣು ಅಗಲದ ರಬ್ಬರ್ ತುಂಡು ಇಳಿಬಿಡಬೇಕು, ನೆಲಕ್ಕೆ ನಾಲ್ಕು ಬೆರಳು ಉಳಿಯುವಂತೆ. ಲಾರಿಯ ಹಳೆಯ ಟ್ಯೂಬಿನಿಂದ ಕತ್ತರಿಸಿ ಎರಡು ನಟ್ ಹಾಕಿ ಬಿಗಿದರೆ ಮುಗಿಯಿತು. ಅಂಗಡಿಯಲ್ಲಿ ಹೊಸ ಗೇರ್ ಸೈಕಲ್ ಜೊತೆ ಬರುವ ಮಡ್‌ಗಾರ್ಡುಗಳು ಅಂದಕ್ಕೆ ಮಾತ್ರ. ಎಷ್ಟೋ ಸೈಕಲ್ಲುಗಳಿಗೆ ಅವೂ ಇರುವುದಿಲ್ಲ, ಕೆಲಸಕ್ಕೆ ಹೋಗುವವರು ಅಂಥ ಸೈಕಲ್ ಕೊಳ್ಳುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಚೈನಿಗೆ ಸುಟ್ಟ ಎಂಜಿನ್ ಆಯಿಲ್ ಸುರಿಯಬೇಡಿ. ಅದು ಮರಳು ಹಿಡಿದುಕೊಂಡು ಹಲ್ಲು ತಿನ್ನುತ್ತದೆ. ಮನೆಗೆ ಬಂದ ಮೇಲೆ ಹಳೆಯ ಬನಿಯನ್ ತುಂಡಿನಿಂದ ಚೈನು ಒರೆಸಿ, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಒಂದೊಂದು ಕೊಂಡಿಗೆ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ, ಸ್ವಲ್ಪ ಹೊತ್ತು ಬಿಟ್ಟು ಮೇಲಿನದನ್ನು ಒರೆಸಿಬಿಡಿ. ಹಬ್ ಮತ್ತು ಪೆಡಲ್ ಆಕ್ಸಲ್‌ಗೆ ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಗ್ರೀಸ್ ಬದಲಿಸಿದರೆ ಸಾಕು.

ಕಣಬರ್ಗಿ ರಸ್ತೆ

ನಾನು ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು 32. ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಆರಂಭಿಸಿದ್ದು 2006-07ರಲ್ಲಿ. ಆ ಮೊದಲ ವರ್ಷಗಳಲ್ಲಿ ಸೈಕಲ್ ಪಡೆದ ಹುಡುಗಿಯರಲ್ಲಿ ನಾನೂ ಒಬ್ಬಳು. ನಮ್ಮ ಹಳ್ಳಿಯಿಂದ ಹೈಸ್ಕೂಲಿಗೆ ಸಾಲಾಗಿ ಹೋಗುತ್ತಿದ್ದೆವು. ಅವರಲ್ಲಿ ಈಗಲೂ ಸೈಕಲ್ ತುಳಿಯುತ್ತಿರುವವಳು ನನಗೆ ತಿಳಿದಂತೆ ನಾನೊಬ್ಬಳೇ. ಉಳಿದವರೆಲ್ಲ ಮದುವೆಯಾದ ಮೇಲೆ, ಇಲ್ಲವೇ ಕೆಲಸ ಸಿಕ್ಕ ಮೇಲೆ ಬಿಟ್ಟರು. ಕಾಲಿಗೆ ಶಕ್ತಿಯಿರಲಿಲ್ಲವೆಂದು ಯಾರೂ ಬಿಟ್ಟಿಲ್ಲ. ಕಚೇರಿಗೆ ಹೋಗಿ ಇಳಿದಾಗ ಬೆವರಿದ ಬೆನ್ನು, ಮುದುಡಿದ ಸೀರೆ, ಒದ್ದೆಯಾದ ಕಾಲು, ಇವನ್ನು ಎಲ್ಲಿ ಸರಿಪಡಿಸಿಕೊಳ್ಳಬೇಕು ಎಂಬುದಕ್ಕೆ ಉತ್ತರವಿರಲಿಲ್ಲ.

ನಾನು ಉಳಿದುಕೊಂಡಿದ್ದು ಒಂದೇ ಕಾರಣಕ್ಕೆ. ನಮ್ಮಲ್ಲಿ ಕೆಲಸದ ಸಮವಸ್ತ್ರವನ್ನು ಅಲ್ಲಿಯೇ ಬದಲಿಸುತ್ತೇವೆ, ಅದಕ್ಕೊಂದು ಚಿಲಕವಿರುವ ಕೋಣೆಯಿದೆ, ಬೀರು ಇದೆ. ಮಳೆಯಲ್ಲಿ ಚೂಡಿದಾರ್ ತೊಯ್ದರೆ ತೊಯ್ಯಲಿ, ಒಳಗೆ ಒಣ ಬಟ್ಟೆ ಕಾಯುತ್ತಿರುತ್ತದೆ. ಹಿಂದೆ ಕೆಲಸ ಮಾಡುತ್ತಿದ್ದ ಇನ್ನೊಂದು ಕಡೆ ಇದು ಇರಲಿಲ್ಲ. ಅಲ್ಲಿ ಮಳೆಗಾಲದುದ್ದಕ್ಕೂ ಬಸ್ಸಿಗೇ ಹೋಗುತ್ತಿದ್ದೆ. ದಾರಿ ಅದೇ, ಮಳೆ ಅದೇ, ನನ್ನ ವಯಸ್ಸೂ ಆಗ ಕಡಿಮೆಯೇ.

ವಡಗಾವಿ ಅಣ್ಣಾ, ನಿಮಗೆ ಒಂದು ಪ್ರಶ್ನೆ. ತೊಯ್ದ ಪ್ಯಾಂಟನ್ನು ಕಾರ್ಖಾನೆಯಲ್ಲಿ ಏನು ಮಾಡುತ್ತೀರಿ?

ವಡಗಾವಿ ಸವಾರ

ತಂಗೀ, ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ಏನೂ ಮಾಡುವುದಿಲ್ಲ, ಅದನ್ನೇ ಉಟ್ಟುಕೊಂಡು ಪಾಳಿ ಮುಗಿಸುತ್ತೇನೆ. ಮೊದಲು ನಮ್ಮಲ್ಲಿ ಸೈಕಲ್ ನಿಲ್ಲಿಸುವಲ್ಲಿ ತಗಡಿನ ಮಾಡು ಇತ್ತು. ಅದರ ಕೆಳಗೆ ನಿಂತು ರೇನ್‌ಕೋಟ್ ಕಳಚಿ ಕೊಡವಿ, ಕಂಬಕ್ಕೆ ನೇತುಹಾಕಿ ಒಳಗೆ ಹೋಗುತ್ತಿದ್ದೆವು. ಕಾರುಗಳು ಹೆಚ್ಚಾದ ಮೇಲೆ ಆ ಮಾಡನ್ನು ಕಿತ್ತು ಕಾರು ನಿಲ್ಲಿಸುವ ಜಾಗ ಮಾಡಿದರು. ಸೈಕಲ್ಲುಗಳು ಈಗ ಗೋಡೆಯ ಪಕ್ಕ, ಬಯಲಿನಲ್ಲಿ. ಎಂಟು ತಾಸು ಮಳೆಯಲ್ಲಿ ನೆಂದ ಸೀಟಿನ ಮೇಲೆ ಕೂತು ಮನೆಗೆ ಬರುವುದು, ಒದ್ದೆ ಪ್ಯಾಂಟಿನಲ್ಲಿ ಮಶೀನಿನ ಮುಂದೆ ನಿಲ್ಲುವುದು, ಇವೆರಡರಿಂದಲೇ ಹೋದ ವರ್ಷ ನನಗೆ ಸೊಂಟ ಹಿಡಿದದ್ದು. ಮನೆಯವರು ಹೆದರಿದ್ದು ಅದನ್ನು ನೋಡಿ. ಸೈಕಲ್ಲಿನಿಂದ ಬಂತು ಎಂದು ಅವರೂ ತಿಳಿದರು, ನಾನೂ ಹಾಗೆಯೇ ಎಂದುಕೊಂಡಿದ್ದೆ.

ಕ್ಯಾಂಪ್ ಫಿಸಿಯೋಥೆರಪಿಸ್ಟ್

ಸೊಂಟ, ಮೊಣಕಾಲು ಎಂದು ನನ್ನಲ್ಲಿಗೆ ಬರುವ ಸೈಕಲ್ ಸವಾರರ ಸೀಟಿನ ಎತ್ತರವನ್ನು ನಾನು ಮೊದಲು ಕೇಳುತ್ತೇನೆ. ನಮ್ಮ ಕಡೆ ಬಹುಪಾಲು ಜನ ಸೀಟನ್ನು ತೀರ ಕೆಳಗೆ ಇಟ್ಟುಕೊಂಡಿರುತ್ತಾರೆ. ಹಾಗಾದಾಗ ಮೊಣಕಾಲು ಹೆಚ್ಚು ಮಡಚಿದ ಸ್ಥಿತಿಯಲ್ಲೇ ಭಾರ ತಳ್ಳಬೇಕಾಗುತ್ತದೆ, ಮೊಣಕಾಲ ಚಿಪ್ಪಿನ ಸುತ್ತ ನೋವು ಹುಟ್ಟುತ್ತದೆ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟಾಗ, ಪೆಡಲ್ ಅತ್ಯಂತ ಕೆಳಗಿರುವಾಗ ಕಾಲು ನೆಟ್ಟಗಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಸ್ವಲ್ಪವೇ ಬಾಗಿರುತ್ತದೆ. ಅದು ಸರಿಯಾದ ಎತ್ತರ. ತೀರ ವಯಸ್ಸಾದವರು ಪಾದ ನೆಲಕ್ಕೆ ಮುಟ್ಟಲೆಂದು ತುಸು ತಗ್ಗಿಸಿಕೊಳ್ಳಬಹುದು, ಆಗ ನಿಧಾನವಾಗಿ ತುಳಿಯಬೇಕು.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ಶ್ರಮವನ್ನು ಹೇಳುತ್ತದೆ. ವಡಗಾವಿಯವರದು ಹೋಗಿ ಬರುವುದು ಸೇರಿ ದಿನಕ್ಕೆ ನಲವತ್ತು ನಿಮಿಷ, ವಾರಕ್ಕೆ ಆರು ದಿನವೆಂದರೆ 240. ಬೇರೆ ವ್ಯಾಯಾಮಕ್ಕೆ ಹೊತ್ತು ಹುಡುಕಬೇಕಾಗಿಲ್ಲ. ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ರಿಟನ್ನಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯಿತ್ತು. ಸೈಕಲ್ ಮೇಲೆ ಕೆಲಸಕ್ಕೆ ಹೋಗುವವರಲ್ಲಿ ಅಕಾಲ ಮರಣದ ಅಪಾಯ ಶೇ 41ರಷ್ಟು ಕಡಿಮೆ ಕಂಡಿತು. ಅಲ್ಲಿನ ಹವೆ, ರಸ್ತೆ, ಊಟ ಬೇರೆ. ಸೈಕಲ್ ಒಂದರಿಂದಲೇ ಹಾಗಾಯಿತೆಂದು ಅಂಥ ಅಧ್ಯಯನ ಸಾಬೀತುಪಡಿಸುವುದಿಲ್ಲ. ಆದರೂ ಅಲಕ್ಷ್ಯ ಮಾಡುವ ಸಂಖ್ಯೆಯಲ್ಲ.

ಒಂದು ಎಚ್ಚರಿಕೆ. ಸೈಕಲ್ ಸವಾರಿಯಲ್ಲಿ ದೇಹದ ಭಾರ ಸೀಟಿನ ಮೇಲಿರುವುದರಿಂದ, ನಡಿಗೆಯಷ್ಟು ಮೂಳೆಗೆ ಬಲ ಬರುವುದಿಲ್ಲ. ಐವತ್ತು ದಾಟಿದವರು, ಅದರಲ್ಲೂ ಹೆಣ್ಣುಮಕ್ಕಳು, ನಡಿಗೆಯನ್ನೂ ಇಟ್ಟುಕೊಳ್ಳಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಬೆಲ್ಲ ಅಥವಾ ಸಕ್ಕರೆ ಇಟ್ಟುಕೊಂಡೇ ಹೊರಡಬೇಕು. ಏರು ಹತ್ತುವಾಗ ಎದೆ ಹಿಡಿದರೆ, ಎಡ ತೋಳು ಸೆಳೆದರೆ ಇಳಿದು ನಿಲ್ಲಿ, ತಡಮಾಡದೆ ವೈದ್ಯರನ್ನು ಕಾಣಿ.

ಗುಮ್ಮಟದ ಊರಿನವನು

ಬೆಳಗಾವಿಯವರ ಮಳೆಯ ಮಾತು ಕೇಳಿ ಅಸೂಯೆಯಾಗುತ್ತಿದೆ. ನಾನು ವಿಜಯಪುರದಲ್ಲಿ ಒಂದು ಸರ್ಕಾರಿ ಕಚೇರಿಯ ಗುಮಾಸ್ತ, 45 ವರ್ಷ. ನಮ್ಮ ಜಿಲ್ಲೆ ಸೈಕ್ಲಿಂಗ್ ಕ್ರೀಡಾಪಟುಗಳಿಗೆ ಹೆಸರಾದದ್ದು. ಬೆಳಗಿನ ಜಾವ ಹೆದ್ದಾರಿಗಳಲ್ಲಿ ಅಭ್ಯಾಸ ಮಾಡುವ ಹುಡುಗ ಹುಡುಗಿಯರು ಸಾಲುಸಾಲಾಗಿ ಕಾಣುತ್ತಾರೆ. ಆದರೆ ಕಚೇರಿಗೆ ಸೈಕಲ್ ಮೇಲೆ ಬರುವ ನೌಕರರು ಕೈಬೆರಳೆಣಿಕೆಯಷ್ಟು.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜೊತೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲೂ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಬಿಸಿಲಿನ ಬಾಧೆ ತಪ್ಪಲೆಂದು ಮಾಡಿದ ಏರ್ಪಾಡು, ಒಳ್ಳೆಯದೇ. ಸೈಕಲ್ ಸವಾರನಿಗೆ ಅದರಿಂದ ಅರ್ಧ ಲಾಭ. ಹೋಗುವಾಗ ತಂಪು ಹೊತ್ತು. ಬಿಡುವ ಹೊತ್ತಿಗೆ ಮಾತ್ರ ನೆತ್ತಿ ಸುಡುವ ಬಿಸಿಲು, ಉಷ್ಣಾಂಶ 40 ಡಿಗ್ರಿ ದಾಟಿರುತ್ತದೆ, ಡಾಂಬರಿನಿಂದ ಮೇಲೇಳುವ ಝಳ ಬೇರೆ. ನಮ್ಮ ಹವೆ ಒಣ ಹವೆ. ಬೆವರು ಬಂದದ್ದೇ ತಿಳಿಯುವುದಿಲ್ಲ, ಬಂದ ಕೂಡಲೇ ಆರಿಹೋಗುತ್ತದೆ. ಅಂಗಿಯ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ ಕಂಡಾಗಲೇ ಎಷ್ಟು ನೀರು ಹೋಯಿತೆಂದು ಗೊತ್ತಾಗುವುದು. ಹೊರಡುವ ಮೊದಲು ಉಪ್ಪು ಹಾಕಿದ ಮಜ್ಜಿಗೆ ಕುಡಿಯುತ್ತೇನೆ, ದೊಡ್ಡ ಬಿಳಿ ಟವೆಲನ್ನು ನೀರಿನಲ್ಲಿ ಅದ್ದಿ ಹಿಂಡಿ ತಲೆ, ಕತ್ತು, ಕಿವಿ ಮುಚ್ಚುವಂತೆ ಸುತ್ತಿಕೊಳ್ಳುತ್ತೇನೆ. ಮನೆ ಮುಟ್ಟುವ ಮೊದಲೇ ಅದು ಒಣಗಿರುತ್ತದೆ. ಮೇ ತಿಂಗಳ ಕೆಟ್ಟ ದಿನಗಳಲ್ಲಿ ಸೈಕಲನ್ನು ಕಚೇರಿಯಲ್ಲಿಯೇ ಬಿಟ್ಟು ಸಹೋದ್ಯೋಗಿಯ ಬೈಕಿನ ಹಿಂದೆ ಬರುತ್ತೇನೆ. ಪ್ರತಿದಿನವೂ ತುಳಿದೇ ತೀರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ತಲೆ ಸುತ್ತಿ, ವಾಕರಿಕೆ ಬಂದು, ಮಾತು ತೊದಲಿದರೆ ಅದು ಬಿಸಿಲಿನ ಹೊಡೆತ. ನೆರಳಿಗೆ ಕರೆದೊಯ್ದು ಮೈಗೆಲ್ಲ ಒದ್ದೆ ಬಟ್ಟೆ ಹಾಕಿ 108ಕ್ಕೆ ಫೋನ್ ಮಾಡಬೇಕು. ಪ್ರಜ್ಞೆ ಸರಿಯಿಲ್ಲದವರಿಗೆ ನೀರು ಕುಡಿಸಬಾರದು.

ನಮ್ಮಲ್ಲಿ ಮಳೆ ಕಡಿಮೆ, ಆದರೆ ಬಂದ ದಿನ ಎರೆ ಮಣ್ಣಿನ ದಾರಿಯಲ್ಲಿ ಸೈಕಲ್ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಮಣ್ಣು ಟೈರಿಗೆ ಮೆತ್ತಿಕೊಂಡು ಮಡ್‌ಗಾರ್ಡಿನ ಒಳಗೆ ತುಂಬಿ ಚಕ್ರವನ್ನೇ ಹಿಡಿದುಬಿಡುತ್ತದೆ. ಕಡ್ಡಿಯಿಂದ ಕೆರೆದು ತೆಗೆದು ನಾಲ್ಕು ಮಾರು ಹೋದರೆ ಮತ್ತೆ ಅದೇ. ಅಲ್ಲಿ ಸೈಕಲ್ ನಮ್ಮ ಹೆಗಲ ಮೇಲೆ ಬರುತ್ತದೆ.

ನವನಗರ ಸೆಕ್ಟರ್

ಬಾಗಲಕೋಟೆ ನವನಗರದಿಂದ. ನಮ್ಮ ಸೆಕ್ಟರ್ ರಸ್ತೆಗಳು ಅಗಲವಾಗಿವೆ, ಸೈಕಲ್ಲಿಗೆ ಹೇಳಿ ಮಾಡಿಸಿದಂತಿವೆ. ಬಿಸಿಲಿನ ಮಾತಿನಲ್ಲಿ ವಿಜಯಪುರದವರೇ ನಮ್ಮವರು. ನಾನು 60 ವರ್ಷದವನು, ಸಂಜೆ ಐದರ ಮೇಲೆ ಮಾತ್ರ ತುಳಿಯುತ್ತೇನೆ.

ಮುಧೋಳ ಕಡೆಯ ಶಿಕ್ಷಕ

ಚಳಿಗಾಲವನ್ನು ಯಾರೂ ಎತ್ತಲಿಲ್ಲ. ಕಬ್ಬಿನ ಸೀಮೆಯಲ್ಲಿ ನನಗೆ ಮಳೆಗಿಂತ ಹೆಚ್ಚು ಭಯ ನವೆಂಬರ್‌ನಿಂದ ಮಾರ್ಚ್‌ವರೆಗಿನದು. ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಎರಡರ ತುಂಬ ಅಗಲಕ್ಕೆ ಚಾಚಿದ ಕಬ್ಬು, ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇದ್ದರೂ ಕಬ್ಬಿನ ಗರಿ ಮುಚ್ಚಿರುತ್ತದೆ. ಬೆಳಗಿನ ಮಂಜಿನಲ್ಲಿ ಅದು ರಸ್ತೆ ಬದಿ ನಿಂತಿದ್ದರೆ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಡ್ರೈವರ್ ಟೇಪ್ ಹಾಕಿಕೊಂಡು ಹೋಗುತ್ತಿದ್ದರೆ ಬೆಲ್ಲು ಎಷ್ಟು ಬಾರಿಸಿದರೂ ಅವನಿಗೆ ಕೇಳುವುದಿಲ್ಲ. ರಸ್ತೆಗೆ ಬಿದ್ದ ರವದಿ, ಅಂದರೆ ಕಬ್ಬಿನ ಒಣ ಗರಿ, ಇಬ್ಬನಿಗೆ ನೆಂದರೆ ಚಕ್ರ ಜಾರುತ್ತದೆ.

ಶಾಲೆಗೆ ಹೋಗುವಾಗ ನಾನು ತಿಳಿ ಹಳದಿ ಬಣ್ಣದ ಸ್ವೆಟರ್ ಹಾಕುತ್ತೇನೆ, ಸೈಕಲ್ಲಿನ ಹಿಂದೆ ಮಿನುಗುವ ಕೆಂಪು ದೀಪ ಕಟ್ಟಿದ್ದೇನೆ. ಹಿಂದಿನ ಮಡ್‌ಗಾರ್ಡ್ ಮತ್ತು ಪೆಡಲ್‌ಗಳಿಗೆ ಕೆಂಪು, ಹಳದಿ ರಿಫ್ಲೆಕ್ಟರ್ ಪಟ್ಟಿ ಅಂಟಿಸಿಕೊಂಡಿದ್ದೇನೆ. ಪೆಡಲ್ ಮೇಲು ಕೆಳಗಾಗುವುದರಿಂದ ಆ ಪಟ್ಟಿ ದೂರದಿಂದಲೇ ಕಣ್ಣು ಸೆಳೆಯುತ್ತದೆ. ನನ್ನ ಶಾಲೆಯ ಮಕ್ಕಳ ಸೈಕಲ್ಲುಗಳಿಗೂ ಊರಿನವರಿಂದ ಹಣ ಕೂಡಿಸಿ ಅಂಟಿಸಿದೆವು. ಪ್ರತಿಯೊಬ್ಬ ಶಿಕ್ಷಕರೂ ಹಂಗಾಮಿಗೆ ಮೊದಲು ಇದನ್ನು ಮಾಡಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ಮಚ್ಛೆ ಹೊಸಬ

ನನಗೆ 23. ಊರು ಸವದತ್ತಿ ಕಡೆ, ಮಚ್ಛೆಯ ಒಂದು ಘಟಕದಲ್ಲಿ ಟ್ರೇನಿಯಾಗಿ ಸೇರಿದ್ದೇನೆ, ಟಿಳಕವಾಡಿಯಲ್ಲಿ ಕೋಣೆ. ಕೈಯಲ್ಲಿ ಬರುವ ಹಣದಲ್ಲಿ ಬೈಕಿನ ಕಂತು ಕಟ್ಟಿದರೆ ಊಟಕ್ಕೆ ಕೊರತೆ. ಹಳೆಯ ಸೈಕಲ್ ಕೊಂಡೆ. ನಮ್ಮಲ್ಲಿ ಕೆಲವರು ಸೈಕಲ್ ಕಂಡು ನನ್ನನ್ನು ಬಡವ ಎಂದು ಲೆಕ್ಕ ಹಾಕಿದರು. ಅದು ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಕಾಂಗ್ರೆಸ್ ರಸ್ತೆಯ ಮರಗಳ ಕೆಳಗೆ ಬೆಳಿಗ್ಗೆ ಹೋಗುವಾಗ ಮಾತ್ರ ನೋವು ನೆನಪಿರುವುದಿಲ್ಲ. 1924ರ ಅಧಿವೇಶನಕ್ಕೆ ಗಾಂಧೀಜಿ ಬಂದಿದ್ದ ಜಾಗ ಇಲ್ಲೇ ಹತ್ತಿರವಿದೆಯೆಂದು ತಿಳಿದ ದಿನ ಮನೆಗೆ ಫೋನ್ ಮಾಡಿ ಹೇಳಿದೆ.

ನನ್ನ ಪ್ರಶ್ನೆ: ರೇನ್‌ಕೋಟ್ ಯಾವ ತರಹದ್ದು ಕೊಳ್ಳಲಿ? ಉದ್ದದ್ದೇ? ಕೊಪ್ಪೆಯಂತೆ ಮೇಲಿನಿಂದ ಹೊದೆಯುವುದೇ?

ಕಣಬರ್ಗಿ ರಸ್ತೆ

ತಮ್ಮಾ, ಹೊದೆಯುವುದು ಬೇಡ. ನಮ್ಮೂರಿನ ಮಳೆ ಅಡ್ಡ ಗಾಳಿಯ ಜೊತೆ ಬರುತ್ತದೆ, ಹೊದಿಕೆ ಹಾಯಿಯಂತೆ ಉಬ್ಬಿ ಸೈಕಲನ್ನೇ ಎಳೆಯುತ್ತದೆ. ಕೊಡೆ ಹಿಡಿದು ಒಂದೇ ಕೈಯಲ್ಲಿ ತುಳಿಯುವುದಂತೂ ಬೇಡವೇ ಬೇಡ. ಸೊಂಟದವರೆಗಿನ ಜಾಕೆಟ್, ಬೇರೆ ಪ್ಯಾಂಟ್ ಇರುವ ಜೋಡಿ ತೆಗೆದುಕೊಳ್ಳಿ, ಪ್ಯಾಂಟಿನ ಬಲಗಾಲಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ, ಚೈನಿಗೆ ಸಿಕ್ಕುವುದಿಲ್ಲ. ಜಾಕೆಟ್ ಒಳಗೆ ಬೆವರಿಗೆ ಹೇಗೂ ತೊಯ್ಯುತ್ತೀರಿ. ತೆಳು ಬನಿಯನ್ ಹಾಕಿ, ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಯ್ಯಿರಿ. ಒಂದು ಜೊತೆ ಒಣ ಸಾಕ್ಸ್ ಮರೆಯಬೇಡಿ. ಸೈಕಲ್ ನಿಮ್ಮ ದುಡಿಮೆಯಿಂದ ಕೊಂಡದ್ದು, ತಲೆಯೆತ್ತಿ ತುಳಿಯಿರಿ.

ಟಿಳಕವಾಡಿ ಓದುಗ

ವಡಗಾವಿಯವರ ಮಗನಿಗೆ ಒಂದು ಸಲಹೆ. ವಿದ್ಯುತ್ ಸೈಕಲ್ ನೋಡಿ. ಮೋಟಾರಿನ ಶಕ್ತಿ 250 ವಾಟ್‌ಗಿಂತ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆಯಿದ್ದರೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ಎದುರು ಗಾಳಿಗೂ ಸೇತುವೆಯ ಏರಿಗೂ ಆಸರೆ ಸಿಗುತ್ತದೆ, ತುಳಿಯುವುದೂ ಉಳಿಯುತ್ತದೆ.

ಶಹಾಪುರ ರಿಪೇರಿ

ಒಳ್ಳೆಯ ಮಾತು. ಆದರೆ ಅದನ್ನು ಎಂಟು ತಾಸು ಮಳೆಯಲ್ಲಿ ಬಯಲಿನಲ್ಲಿ ನಿಲ್ಲಿಸಿದರೆ ವೈರಿನ ಜೋಡಣೆಗಳು ಕಿಲುಬು ಹಿಡಿಯುತ್ತವೆ. ಅದಕ್ಕೂ ಮೊದಲು ಮಾಡು ಬೇಕು.

ವಡಗಾವಿ ಸವಾರ

ನಿಮ್ಮೆಲ್ಲರ ಮಾತು ಓದಿ ಮನೆಯಲ್ಲಿ ಕೂತು ಮಾತಾಡಿದೆವು. ಮಗ ಫಿಸಿಯೋ ಮೇಡಂ ಹೇಳಿದಂತೆ ಸೀಟನ್ನು ಮೇಲೆತ್ತಿ ನಿಲ್ಲಿಸಿಕೊಟ್ಟ. ಮೊಣಕಾಲಿಗೆ ವ್ಯತ್ಯಾಸ ತಿಳಿಯುತ್ತಿದೆ. ಸ್ಕೂಟರ್ ಮಾತು ಈ ಮಳೆಗಾಲ ಮುಗಿಯುವವರೆಗೆ ಮುಂದೆ ಹೋಗಿದೆ.

ಕಾರ್ಖಾನೆಯಲ್ಲಿ ಸೈಕಲ್ ಮೇಲೆ ಬರುವವರು ಎಲ್ಲ ಪಾಳಿಯಿಂದ ಸೇರಿ ಮಾಲೀಕರಿಗೆ ಅರ್ಜಿ ಬರೆದಿದ್ದೇವೆ. ಕೇಳಿರುವುದು ಮೂರು. ಗೋಡೆಯ ಪಕ್ಕದ ಜಾಗಕ್ಕೆ ತಗಡಿನ ಮಾಡು. ಕಂಪ್ರೆಸರ್ ಕೋಣೆಯ ಹೊರಗೋಡೆ ಸದಾ ಬೆಚ್ಚಗಿರುತ್ತದೆ, ಅಲ್ಲಿ ಸಾಲಾಗಿ ಗೂಟ ಹೊಡೆದುಕೊಟ್ಟರೆ ಬಟ್ಟೆ ಎರಡು ತಾಸಿನಲ್ಲಿ ಒಣಗುತ್ತದೆ, ಅದಕ್ಕೆ ಅನುಮತಿ. ಜೋರು ಮಳೆಯ ದಿನ ಹಾಜರಿ ಯಂತ್ರಕ್ಕೆ ಬೆರಳು ಇಡಲು ಹತ್ತು ನಿಮಿಷದ ರಿಯಾಯಿತಿ. ತಗಡು, ಪೈಪು ನಮ್ಮ ಗೋದಾಮಿನಲ್ಲಿಯೇ ಬಿದ್ದಿವೆ, ವೆಲ್ಡಿಂಗ್ ನಾವೇ ಮಾಡಿಕೊಳ್ಳುತ್ತೇವೆ ಎಂದೂ ಬರೆದಿದ್ದೇವೆ.

ಖಾನಾಪುರ ರಸ್ತೆಯವ

ಹತ್ತು ನಿಮಿಷದ ರಿಯಾಯಿತಿಯನ್ನು ಮೊದಲ ಬೇಡಿಕೆಯಾಗಿ ಬರೆಯಿರಿ. ನಾನು ಬಿದ್ದ ದಿನ ಹಾಜರಿ ತಪ್ಪುತ್ತದೆಂಬ ಗಾಬರಿಯಲ್ಲೇ ಇದ್ದೆ. ನಾನು ಈಗಲೂ ನಿಮ್ಮ ಮಗನ ಕಡೆಗೇ, ಆದರೆ ಅರ್ಜಿ ನ್ಯಾಯವಾದದ್ದು. ನಮ್ಮ ಘಟಕದಲ್ಲೂ ಇಂಥದೊಂದು ಕೊಡಲು ಹುಡುಗರಿಗೆ ಹೇಳುತ್ತೇನೆ. ಜೊತೆಗೆ ದಾರಿಯ ಗುಂಡಿಗಳ ಫೋಟೊ ತೆಗೆದು ಮಹಾನಗರ ಪಾಲಿಕೆಗೆ ಮಳೆ ಹಿಡಿಯುವ ಮೊದಲೇ ಕೊಡೋಣ. ನೀರು ತುಂಬಿದ ಮೇಲೆ ಫೋಟೊದಲ್ಲಿ ಗುಂಡಿ ಕಾಣುವುದಿಲ್ಲ.

ಕಣಬರ್ಗಿ ರಸ್ತೆ

ಅಣ್ಣಾ, ನಿಮ್ಮಲ್ಲಿ ಪ್ಯಾಕಿಂಗ್ ವಿಭಾಗದಲ್ಲಿ ಹೆಣ್ಣುಮಕ್ಕಳು ಇದ್ದರೆ ನಾಲ್ಕನೆಯ ಸಾಲು ಸೇರಿಸಿ: ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ. ಅವರು ಈಗ ಸೈಕಲ್ ಮೇಲೆ ಬರುತ್ತಿಲ್ಲವೆಂದು ಬಿಡಬೇಡಿ. ಕೋಣೆ ಇಲ್ಲದ್ದರಿಂದಲೇ ಬರುತ್ತಿಲ್ಲದಿರಬಹುದು.

ವಡಗಾವಿ ಸವಾರ

ಆರು ಜನ ಇದ್ದಾರೆ ತಂಗೀ. ನಾಳೆಯೇ ಅವರನ್ನು ಕೇಳಿ, ಅವರ ಸಹಿಯನ್ನೂ ಪಡೆದು ಸೇರಿಸುತ್ತೇನೆ. ಶಹಾಪುರದವರೇ, ಬ್ರೇಕ್ ರಬ್ಬರ್ ಬದಲಿಸಿ ಮುಂದಿನ ಮಡ್‌ಗಾರ್ಡಿಗೆ ಆ ಟ್ಯೂಬಿನ ತುಂಡು ಹಾಕಿಕೊಡುತ್ತೀರಾ?

ಶಹಾಪುರ ರಿಪೇರಿ

ಭಾನುವಾರ ಬೆಳಿಗ್ಗೆ ತನ್ನಿ, ಹಬ್ಬಿಗೆ ಗ್ರೀಸನ್ನೂ ಹಾಕುತ್ತೇನೆ. ಮಚ್ಛೆಯ ತಮ್ಮನೂ ಬರಲಿ, ಹಳೆಯ ಸೈಕಲ್ ಎಂದಿದ್ದಾನೆ, ಒಮ್ಮೆ ಕಡ್ಡಿಗಳನ್ನು ನೋಡಬೇಕು. ಜೂನ್ ಮೊದಲ ವಾರಕ್ಕೆ ಮುಂಚೆಯೇ ಬನ್ನಿ. ಮೃಗಶಿರ ಹೂಡಿದ ಮೇಲೆ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಲು ಜಾಗ ಇರುವುದಿಲ್ಲ.